ರಜೆಯಲ್ಲಿ ಅಳಿಸಿದ ಆರು ಅಕ್ಷರ: ಒಂದು ಪ್ರಕರಣ ಅಧ್ಯಯನ

ಐದು ದಿನದ ರಜೆಯ ಮೂರನೇ ರಾತ್ರಿ. ಗಂಟೆ 1:10. ಮೆಟ್ಟಿಲ ಮೇಲೆ ಕೂತು ಪ್ರೊಡಕ್ಷನ್ ಕೋಡಿನಿಂದ, ಅಂದರೆ ಜನ ಬಳಸುತ್ತಿರುವ ಸೈಟ್‌ನ ಕೋಡಿನಿಂದ, ಆರು ಅಕ್ಷರ ಅಳಿಸಿದೆ, ಡಿಪ್ಲಾಯ್ ಮಾಡಿದೆ (ಬದಲಾವಣೆಯನ್ನು ಸೈಟ್‌ಗೆ ಏರಿಸಿದೆ), ಹೋಗಿ ಮಲಗಿದೆ. ಮುಂದಿನ ನಾಲ್ಕು ದಿನದಲ್ಲಿ 17 ಜನ ತಮ್ಮ ಹಾಲ್ ಬುಕಿಂಗ್ ತಾರೀಖನ್ನು ತಪ್ಪಾಗಿ ಬದಲಾಯಿಸಿಕೊಂಡರು. ಅವರಲ್ಲಿ ಇಬ್ಬರು ತಮ್ಮ ಜನರನ್ನೆಲ್ಲ ಕರೆದುಕೊಂಡು ಬೀಗ ಹಾಕಿದ ಬಾಗಿಲ ಮುಂದೆ ಹೋಗಿ ನಿಂತರು.

ಆ ರಾತ್ರಿ ನಾನು ಲ್ಯಾಪ್‌ಟಾಪ್ ತೆರೆಯುವ ಅಗತ್ಯವೇ ಇರಲಿಲ್ಲ. ಅದು ನನಗೆ ಗೊತ್ತಾಗಿದ್ದು ಒಂದು ವಾರ ಆದಮೇಲೆ, ತಂಡದ ಒಬ್ಬರ ಜೊತೆ ಹತ್ತು ನಿಮಿಷ ಮಾತಾಡಿದಾಗ. ಆ ಹತ್ತು ನಿಮಿಷದಿಂದ ನನ್ನ ಕೆಲಸದ ರೀತಿ ಎಷ್ಟೋ ಬದಲಾಯಿತು. ರಜೆ ಹಾಕಿಯೂ ಕೆಲಸ ಬಿಡಲಾಗದ ಡೆವಲಪರ್‌ಗಳು ತುಂಬಾ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಇಡೀ ಪ್ರಕರಣವನ್ನು ಮೊದಲಿಂದ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ನಾನು ವೆಬ್ ಡೆವಲಪರ್ ಆಗಿ 11 ವರ್ಷ ಆಯಿತು. ತಂಡದಲ್ಲಿ ನಾಲ್ಕು ಜನ ಇದ್ದೇವೆ. ನಾವು ನೋಡಿಕೊಳ್ಳುವ ಸೈಟ್‌ನಲ್ಲಿ ಜನ ಸಭೆಗೆ, ತರಬೇತಿಗೆ, ಸಣ್ಣಪುಟ್ಟ ಕಾರ್ಯಕ್ರಮಕ್ಕೆ ಹಾಲ್ ಬುಕ್ ಮಾಡುತ್ತಾರೆ. ಬುಕಿಂಗ್ ದಿನದ ಲೆಕ್ಕದಲ್ಲಿ. ಗಂಟೆ, ನಿಮಿಷ ಏನೂ ಇಲ್ಲ, ಬರೀ ತಾರೀಖು. ಗಿರಾಕಿಗಳು ಬೇರೆ ಬೇರೆ ದೇಶದಲ್ಲಿದ್ದಾರೆ. ಈ ಎರಡು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬುಕಿಂಗ್ ಕೋಡಿನ ಮುಕ್ಕಾಲು ಪಾಲು ನಾನೇ ಬರೆದದ್ದು. ಹಾಗಾಗಿ ಏನೇ ಕೆಟ್ಟರೂ ಎಲ್ಲರ ಕಣ್ಣು ನನ್ನ ಕಡೆ ತಿರುಗುತ್ತಿತ್ತು. ನನಗೂ ಅದು ಇಷ್ಟವಾಗಿತ್ತು. "ನೀವಿದ್ರಿ, ಬಚಾವಾದ್ವಿ" ಅಂತ ಯಾರಾದರೂ ಅಂದರೆ ಆ ದಿನವೆಲ್ಲ ಮನಸ್ಸು ಹಗುರ.

ಆ ರಾತ್ರಿ

ರಜೆ ಗುರುವಾರದಿಂದ ಸೋಮವಾರದವರೆಗೆ. ಅಕ್ಕನ ಮನೆಗೆ ಹೋಗಿದ್ದೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿತ್ತು. ತೆಗೆಯೋದಿಲ್ಲ, ಸುಮ್ನೆ ಇರಲಿ ಅಂತ ಇಟ್ಟುಕೊಂಡಿದ್ದೆ. ಆ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಒಂದೇ ಜಾಗದಲ್ಲಿ, ಮಹಡಿ ಮೆಟ್ಟಿಲಿನ ಮೂರನೇ ಹಂತದಲ್ಲಿ. ಮೊದಲ ದಿನ ಸಂಜೆಯೊಳಗೇ ಅದನ್ನು ಹುಡುಕಿಕೊಂಡಿದ್ದೆ. ಈಗ ಯೋಚಿಸಿದರೆ ಅಲ್ಲೇ ಗೊತ್ತಾಗಬೇಕಿತ್ತು. ರಜೆಗೆ ಬಂದವನು ಮನೆಯಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತ ಫೋನ್ ಹಿಡಿದು ಯಾಕೆ ತಿರುಗುತ್ತಾನೆ, ಅಲ್ವಾ?

ಶನಿವಾರ ಬೆಳಗ್ಗೆ 6ಕ್ಕೆ ಎದ್ದಿದ್ದೆ. ಅಕ್ಕನ ಮಗಳ ಜೊತೆ ಇಡೀ ದಿನ ಓಡಾಟ. ರಾತ್ರಿ 11:40ಕ್ಕೆ ಮಲಗುವ ಹೊತ್ತಿಗೆ ಫೋನ್ ನಡುಗಿತು. ಅಲರ್ಟ್. ಬುಕಿಂಗ್ ಖಚಿತವಾದ ಮೇಲೆ ಬರುವ ಪುಟದಲ್ಲಿ ತಾರೀಖಿನ ಜಾಗದಲ್ಲಿ "ಇನ್‌ವ್ಯಾಲಿಡ್ ಡೇಟ್" ಅಂತ ಬರುತ್ತಿದೆ.

ಆ ವಾರ ಆನ್-ಕಾಲ್ (ತೊಂದರೆ ಬಂದರೆ ಮೊದಲು ನೋಡುವ ಸರದಿ) ಇದ್ದದ್ದು ನಾನಲ್ಲ. ತಂಡದಲ್ಲಿ ಎಲ್ಲರಿಗಿಂತ ಕಿರಿಯಳಾದ ಸಹೋದ್ಯೋಗಿ. 11:46ಕ್ಕೆ ಆಕೆ ಗ್ರೂಪ್‌ನಲ್ಲಿ ಬರೆದಳು: "ನೋಡ್ತಿದ್ದೀನಿ."

11:51ಕ್ಕೆ ನಾನು ಬರೆದೆ: "ನಾನು ನೋಡ್ತೀನಿ, ಬಿಡಿ. ಆ ಕೋಡ್ ನಂಗೆ ಗೊತ್ತು."

ಬರೀ ಐದು ನಿಮಿಷ ಕಾದಿದ್ದೆ.

ಲ್ಯಾಪ್‌ಟಾಪ್ ತೆಗೆದುಕೊಂಡು ಮೂರನೇ ಮೆಟ್ಟಿಲಿಗೆ ಹೋದೆ. ಕಾರಣ ಬೇಗ ಸಿಕ್ಕಿತು. ಆ ಸಂಜೆ ಯಾರೋ ಒಂದು ಬದಲಾವಣೆ ಡಿಪ್ಲಾಯ್ ಮಾಡಿದ್ದರು. ಮೊದಲು ಸರ್ವರ್‌ನಿಂದ ಬರೀ ತಾರೀಖು ಬರುತ್ತಿತ್ತು. ನಮ್ಮ ಬ್ರೌಸರ್ ಕೋಡ್ ಅದರ ಬಾಲಕ್ಕೆ "ಟಿ00:00" (ಅಂದರೆ ಮಧ್ಯರಾತ್ರಿ ಸೊನ್ನೆ ಗಂಟೆ) ಅಂತ ಸೇರಿಸಿಕೊಂಡು ಓದುತ್ತಿತ್ತು. ಈಗ ಈ ಒಂದು ಪುಟಕ್ಕೆ ಮಾತ್ರ ಸರ್ವರ್ ಸಮಯವನ್ನೂ ಸೇರಿಸಿಯೇ ಕಳಿಸುತ್ತಿತ್ತು. ನಮ್ಮ ಕೋಡ್ ಅದಕ್ಕೆ ಮತ್ತೊಂದು ಸಮಯ ಅಂಟಿಸುತ್ತಿತ್ತು. ಒಂದೇ ತಾರೀಖಿಗೆ ಎರಡು ಬಾಲ ಬಂದರೆ ಯಾವ ಬ್ರೌಸರ್‌ಗೂ ಅರ್ಥವಾಗುವುದಿಲ್ಲ.

ಮಾಡಬೇಕಾಗಿದ್ದದ್ದು ಒಂದೇ ಕೆಲಸ. ಸಂಜೆಯ ಬದಲಾವಣೆಯನ್ನು ರೋಲ್‌ಬ್ಯಾಕ್ ಮಾಡಿ, ಅಂದರೆ ಸೈಟನ್ನು ಹಿಂದಿನ ಆವೃತ್ತಿಗೆ ತಂದು, ಮಂಗಳವಾರ ನೋಡೋಣ ಅಂತ ಬಿಡುವುದು. ಎರಡು ನಿಮಿಷದ ಕೆಲಸ. ನಾನು ಅದನ್ನು ಮಾಡಲಿಲ್ಲ. ಕೋಡ್ ಕಣ್ಣ ಮುಂದಿತ್ತು, ಸರಿ ಮಾಡುವ ಹುಮ್ಮಸ್ಸು ಬಂತು. "ಟಿ00:00" ಸೇರಿಸುವ ಒಂದು ಸಣ್ಣ ಫಂಕ್ಷನ್ (ಕೋಡಿನ ತುಣುಕು) ಇತ್ತು, ಅದನ್ನು ಮೂರು ಪುಟಗಳು ಬಳಸುತ್ತಿದ್ದವು. ಆ ಆರು ಅಕ್ಷರ ತೆಗೆದೆ. ಪುಟ ಸರಿಯಾಯಿತು. ಉಳಿದ ಎರಡು ಪುಟವನ್ನೂ ತೆರೆದು ನೋಡಿದೆ, ತಾರೀಖು ಸರಿಯಾಗಿಯೇ ಕಾಣಿಸಿತು. ಕೋಡ್ ಸರಿ ಇದೆಯೇ ಅಂತ ತಾನಾಗಿ ನೋಡುವ ಟೆಸ್ಟ್‌ಗಳೆಲ್ಲ ಪಾಸ್. ಬದಲಾವಣೆಯ ಜೊತೆ ಬರೆಯುವ ಕಮಿಟ್ ಮೆಸೇಜ್‌ನಲ್ಲಿ "ಸಣ್ಣ ಸರಿಪಡಿಕೆ" ಅಂತ ಬರೆದೆ. ಆ ಹೊತ್ತಿನಲ್ಲಿ ಯಾರನ್ನು ಎಬ್ಬಿಸುವುದು ಅಂತ ರಿವ್ಯೂ ಕೇಳಲಿಲ್ಲ. ಅತ್ತ ಒಬ್ಬಳು ಎಚ್ಚರವಾಗಿಯೇ ಕೂತಿದ್ದಳು.

ಬೆಳಗ್ಗೆ ಅಕ್ಕನ ಮಗಳು ಎಬ್ಬಿಸಲು ಬಂದಾಗ ನಾನು ಏಳಲಿಲ್ಲ. ಬಾಗಿಲ ಹತ್ತಿರ ನಿಂತು "ಮಾಮ, ಇವತ್ತೂ ಆಫೀಸಾ?" ಅಂತ ಕೇಳಿದಳು. "ಇಲ್ಲ ಪುಟ್ಟಿ, ಮುಗೀತು" ಅಂದೆ.

ತಾರೀಖು ಹೇಗೆ ಜಾರಿತು

ಬ್ರೌಸರ್‌ನಲ್ಲಿ ಓಡುವ ಕೋಡಿನ ಭಾಷೆ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ನಿಯಮ ಇದೆ. ತಾರೀಖು ಓದುವ ಅದರ ಡೇಟ್ ಭಾಗಕ್ಕೆ ಬರೀ ತಾರೀಖು ಕೊಟ್ಟರೆ ಅದು ಯುಟಿಸಿ ಸಮಯದ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ) ಮಧ್ಯರಾತ್ರಿ ಅಂತ ತಿಳಿದುಕೊಳ್ಳುತ್ತದೆ. ಅದೇ ತಾರೀಖಿನ ಜೊತೆ ಗಂಟೆ, ನಿಮಿಷ ಕೊಟ್ಟು ಟೈಮ್‌ಜೋನ್ ಹೇಳದೇ ಬಿಟ್ಟರೆ, ನೋಡುತ್ತಿರುವವರ ಊರಿನ ಸಮಯ ಅಂತ ತಿಳಿದುಕೊಳ್ಳುತ್ತದೆ. ಹೊಸಬರು ಮಾತ್ರ ಅಲ್ಲ, ಹಳಬರೂ ಇಲ್ಲಿ ಎಡವುತ್ತಾರೆ. 1995ರಲ್ಲಿ ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನು ಹತ್ತು ದಿನದಲ್ಲಿ ಕಟ್ಟಿದರು. ಅದರ ಡೇಟ್ ಭಾಗ ಜಾವಾ ಅನ್ನುವ ಇನ್ನೊಂದು ಭಾಷೆಯಿಂದ ಹೆಚ್ಚುಕಮ್ಮಿ ಹಾಗೇ ಬಂತು. ತಿಂಗಳುಗಳ ಎಣಿಕೆ ಸೊನ್ನೆಯಿಂದ ಶುರುವಾಗುವುದೂ ಅಲ್ಲಿಂದಲೇ ಬಂದದ್ದು. ಒಮ್ಮೆ ವೆಬ್‌ಗೆ ಬಂದದ್ದನ್ನು ಬದಲಾಯಿಸಿದರೆ ಹಳೆಯ ಸೈಟ್‌ಗಳು ಒಡೆಯುತ್ತವೆ. ಅದಕ್ಕೇ ಅದು ಹಾಗೇ ಉಳಿದಿದೆ.

ನಮ್ಮ ಕೋಡಿನಲ್ಲಿದ್ದ ಆ ಆರು ಅಕ್ಷರ ಈ ನಿಯಮಕ್ಕಾಗಿಯೇ ಇದ್ದವು. 14ನೇ ತಾರೀಖು ಅಂದರೆ ನೋಡುವವರು ಎಲ್ಲಿದ್ದರೂ 14 ಅಂತಲೇ ಕಾಣಲಿ ಅಂತ. ಬರೆದವನು ನಾನೇ, ಐದು ವರ್ಷದ ಹಿಂದೆ. ಪಕ್ಕದಲ್ಲಿ ಅದು ಯಾಕಿದೆ ಅಂತ ವಿವರಿಸುವ ಒಂದು ಸಾಲು ಕಾಮೆಂಟ್ ಹಾಕಿರಲಿಲ್ಲ. ಇಷ್ಟು ಸಣ್ಣದಕ್ಕೆ ಯಾಕೆ ಅಂತ ಬಿಟ್ಟಿದ್ದೆ. ಐದು ವರ್ಷ ಆದಮೇಲೆ, ಅರ್ಧ ನಿದ್ದೆಯಲ್ಲಿ, ಅದು ನನಗೇ ಬೇಡದ ಬಾಲದ ಹಾಗೆ ಕಂಡಿತು.

ಅದು ತೆಗೆದ ಮೇಲೆ ಏನಾಗುತ್ತದೆ ನೋಡಿ. 14ರ ಯುಟಿಸಿ ಮಧ್ಯರಾತ್ರಿ ಅಂದರೆ, ಗಡಿಯಾರ ಯುಟಿಸಿಗಿಂತ ಮುಂದಿರುವ ಕಡೆ 14ರ ಬೆಳಗ್ಗೆಯೋ ಮಧ್ಯಾಹ್ನವೋ ಆಗಿರುತ್ತದೆ. ತಾರೀಖು ಸರಿಯಾಗೇ ಕಾಣುತ್ತದೆ. ನಾನಿದ್ದದ್ದು ಅಂಥ ಕಡೆ. ಟೆಸ್ಟ್ ಓಡುವ ಸರ್ವರ್ ಇದ್ದದ್ದು ಯುಟಿಸಿಯಲ್ಲೇ, ಅಲ್ಲೂ ಸರಿ. ಆದರೆ ಗಡಿಯಾರ ಹಿಂದಿರುವ ಕಡೆ, ಉದಾಹರಣೆಗೆ ಅಮೆರಿಕ ಖಂಡಗಳಲ್ಲಿ, ಅದೇ ಕ್ಷಣ ಇನ್ನೂ 13ರ ಸಂಜೆ. ಅಲ್ಲಿಯ ಗಿರಾಕಿಗೆ "ನನ್ನ ಬುಕಿಂಗ್‌ಗಳು" ಪುಟ 13 ಅಂತ ತೋರಿಸಿತು.

ಅವರು ಏನು ಮಾಡುತ್ತಾರೆ? 14 ಆರಿಸಿದ್ದೆ, 13 ಅಂತ ಬಂದಿದೆ, ನಾನೇ ತಪ್ಪು ಒತ್ತಿರಬೇಕು ಅಂದುಕೊಳ್ಳುತ್ತಾರೆ. ಬದಲಾಯಿಸುವ ಬಟನ್ ಒತ್ತಿ ಒಂದು ದಿನ ಮುಂದಕ್ಕೆ ಹಾಕುತ್ತಾರೆ. ಡೇಟಾಬೇಸ್‌ನಲ್ಲಿ ಅದು 15 ಆಗುತ್ತದೆ, ಪುಟದ ಮೇಲೆ 14 ಅಂತ ಕಾಣುತ್ತದೆ. ಸಮಾಧಾನ. ಆಮೇಲೆ 14ರಂದು ಹಾಲ್‌ಗೆ ಹೋಗುತ್ತಾರೆ. ಬಾಗಿಲಿಗೆ ಬೀಗ.

ಸೈಟ್‌ನ ಮೇಲೆ ನಂಬಿಕೆ ಇಟ್ಟು, ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡವರಿಗೇ ತೊಂದರೆ ಆಯಿತು. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಇದೇ.

ಸೋಮವಾರ ಮೊದಲ ದೂರು ಬಂತು. ಗಿರಾಕಿಯೇ ತಪ್ಪು ಆರಿಸಿದ್ದಾರೆ ಅಂತ ಸಪೋರ್ಟ್‌ನವರು ತಿಳಿದರು. ಹಾಗೆ ತಿಳಿದದ್ದರಲ್ಲಿ ಅವರ ತಪ್ಪಿಲ್ಲ, ದಾಖಲೆ ಹಾಗೇ ಹೇಳುತ್ತಿತ್ತು. ಬುಧವಾರದ ಹೊತ್ತಿಗೆ ದೂರುಗಳು ಒಂಬತ್ತಾದವು. ಎಲ್ಲವೂ ಒಂದೇ ದಿಕ್ಕಿನಿಂದ ಬಂದಿವೆ ಅಂತ ಯಾರೋ ಗಮನಿಸಿದರು. ನಾನು ಲ್ಯಾಪ್‌ಟಾಪ್‌ನ ಟೈಮ್‌ಜೋನ್ ಅನ್ನು ಲಾಸ್ ಏಂಜಲಿಸ್‌ಗೆ ಬದಲಾಯಿಸಿ ಪುಟ ತೆರೆದೆ. ತಾರೀಖು ಒಂದು ದಿನ ಹಿಂದೆ ಇತ್ತು. ಕುರ್ಚಿಯಲ್ಲಿ ಹಾಗೇ ಹಿಂದಕ್ಕೆ ಒರಗಿದೆ. ಹೊಟ್ಟೆಯಲ್ಲಿ ಏನೋ ಕೆಳಗೆ ಜಾರಿದ ಹಾಗಾಯಿತು.

17 ಜನರಿಗೂ ಫೋನ್ ಮಾಡಿ ಸರಿಪಡಿಸಿದೆವು. ಬಾಗಿಲ ಮುಂದೆ ನಿಂತಿದ್ದ ಆ ಇಬ್ಬರಿಗೆ ಹಣ ವಾಪಸ್ ಕೊಟ್ಟೆವು. ಅವರಿಬ್ಬರ ಜೊತೆ ನಾನೇ ಮಾತಾಡಿದೆ. ಒಬ್ಬರು ಬೈದರು. ಇನ್ನೊಬ್ಬರು "ಹೋಗ್ಲಿ ಬಿಡಿ" ಅಂದರು. ಅದನ್ನು ಕೇಳುವುದೇ ಹೆಚ್ಚು ಕಷ್ಟವಾಯಿತು.

ನಿದ್ದೆಯ ಬಗ್ಗೆ ಒಂದು ಮಾತು

ಬೆಳಗ್ಗೆ 6ರಿಂದ ಮಧ್ಯರಾತ್ರಿ ಕಳೆದು 1:10ರವರೆಗೆ, ಅಂದರೆ 19 ಗಂಟೆಗಿಂತ ಹೆಚ್ಚು ಎಚ್ಚರ. 1997ರಲ್ಲಿ ಸಂಶೋಧಕರಾದ ಡ್ರೂ ಡಾಸನ್ ಮತ್ತು ಕ್ಯಾಥ್ರಿನ್ ರೀಡ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 17 ಗಂಟೆ ನಿದ್ದೆಯಿಲ್ಲದೆ ಇದ್ದವರ ಕಣ್ಣು-ಕೈ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟೇ ಕುಗ್ಗಿತ್ತು. ಎಷ್ಟೋ ದೇಶಗಳಲ್ಲಿ ಗಾಡಿ ಓಡಿಸಲು ಇರುವ ಮಿತಿಯೇ ಅಷ್ಟು. ಕುಡಿದು ಬಂದವನ ಕೈಗೆ ನಾವು ಪ್ರೊಡಕ್ಷನ್ ಕೊಡುವುದಿಲ್ಲ. 19 ಗಂಟೆ ಎಚ್ಚರ ಇರುವವನಿಗೆ ಕೊಡುತ್ತೇವೆ, ಮೇಲೆ ಶಹಬ್ಬಾಸ್ ಅಂತಲೂ ಅನ್ನುತ್ತೇವೆ. ಇದು ಬದಲಾಗಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಆಕೆ ಹೇಳಿದ್ದು

ಮುಂದಿನ ವಾರ ತಂಡದಲ್ಲಿ ಈ ಘಟನೆಯ ವಿಚಾರ ಬರೆಯಲು ಕೂತೆವು. ನನ್ನ ತಲೆಯಲ್ಲಿ ಒಂದು ಕಥೆ ಸಿದ್ಧವಾಗಿತ್ತು: ಬುಕಿಂಗ್ ಕೋಡ್ ಬೇರೆ ಯಾರಿಗೂ ಗೊತ್ತಿಲ್ಲ, ನಾನು ಬರದೇ ಇದ್ದಿದ್ದರೆ ಪುಟ ಬೆಳಗ್ಗೆವರೆಗೂ ಕೆಟ್ಟೇ ಇರುತ್ತಿತ್ತು, ಹಾಗಾಗಿ ಬರಬೇಕಾಯಿತು.

ಆನ್-ಕಾಲ್ ಇದ್ದ ಆ ಸಹೋದ್ಯೋಗಿಯನ್ನು ಕೇಳಿದೆ, "ಅವತ್ತು ರಾತ್ರಿ ನೀವು ಎಲ್ಲಿವರೆಗೆ ಬಂದಿದ್ರಿ?"

ಆಕೆ ಸ್ವಲ್ಪ ತಡೆದು ಹೇಳಿದಳು. "ರೋಲ್‌ಬ್ಯಾಕ್ ಪುಟ ತೆಗ್ದಿದ್ದೆ. ಸಂಜೆ ಡಿಪ್ಲಾಯ್ ಆಗಿದ್ದೇ ಕಾರಣ ಅಂತ ಗೊತ್ತಾಗಿತ್ತು. ಪ್ರೊಡಕ್ಷನ್‌ನಲ್ಲಿ ಮೊದಲನೇ ಸಲ ಅಲ್ವಾ, ಇನ್ನೊಂದ್ಸಲ ನೋಡಿ ಒತ್ತೋಣ ಅಂತಿದ್ದೆ. ಅಷ್ಟರಲ್ಲಿ ನೀವು ಬರ್ದಿದ್ದು ನೋಡ್ದೆ. ಅದಕ್ಕೆ ಸುಮ್ನಾದೆ."

ಅಂದರೆ 11:51ಕ್ಕೆ ಸರಿಯಾದ ಉತ್ತರ ಆಕೆಯ ಪರದೆ ಮೇಲಿತ್ತು. ಬೆರಳು ಬಟನ್ ಹತ್ತಿರ ಇತ್ತು. ಇನ್ನು ಮೂರು ನಿಮಿಷ ನಾನು ಸುಮ್ಮನಿದ್ದಿದ್ದರೆ ಯಾರ ಬುಕಿಂಗೂ ಕೆಡುತ್ತಿರಲಿಲ್ಲ. ಆಕೆ ಜೀವನದಲ್ಲಿ ಮೊದಲ ಸಲ ಒಂದು ಪ್ರೊಡಕ್ಷನ್ ತೊಂದರೆಯನ್ನು ತಾನೇ ನಿಭಾಯಿಸಿರುತ್ತಿದ್ದಳು. ಅದನ್ನೂ ನಾನು ಕಿತ್ತುಕೊಂಡೆ.

ಕೆಲಸದಿಂದ ಕಳಚಿಕೊಳ್ಳುವುದು ನನ್ನ ಆರಾಮದ ವಿಷಯ ಅಂತ ಅಷ್ಟು ವರ್ಷ ಅಂದುಕೊಂಡಿದ್ದೆ. ನನಗೆ ಬೇಕಾದರೆ ಕಳಚುತ್ತೇನೆ, ಬೇಡವಾದರೆ ಇಲ್ಲ, ಅದರಲ್ಲಿ ಬೇರೆಯವರಿಗೇನು ಅಂತ. ಆದರೆ ನಾನು ಸದಾ ಹಾಜರಿರುವುದರಿಂದಲೇ ಉಳಿದ ಮೂವರು ಕೈ ಹಿಂದೆ ಎಳೆದುಕೊಳ್ಳುತ್ತಿದ್ದರು. ಅವರು ಕೈ ಹಿಂದೆ ಎಳೆದುಕೊಂಡಿದ್ದರಿಂದಲೇ ನಾನು ಹಾಜರಿರಬೇಕಾಗುತ್ತಿತ್ತು. ಈ ಸುತ್ತು ಎಲ್ಲೋ ಒಂದು ಕಡೆ ಮುರಿಯಬೇಕಿತ್ತು.

ಕಾನೂನು ಇದನ್ನು ಮುರಿಯಲಾರದು. ಫ್ರಾನ್ಸ್‌ನಲ್ಲಿ 2017ರ ಜನವರಿ 1ರಿಂದ ಕೆಲಸದಿಂದ ಕಳಚಿಕೊಳ್ಳುವ ಹಕ್ಕಿನ ಕಾನೂನು ಇದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ, ಮೊದಲು ಸಣ್ಣ ಕಂಪನಿಗಳನ್ನು ಬಿಟ್ಟು ಉಳಿದವಕ್ಕೆ, ಜಾರಿಗೆ ಬಂತು. ಕೆಲಸದ ಹೊತ್ತು ಮುಗಿದ ಮೇಲೆ ಬಂದ ಕರೆಗೆ ಸಾಮಾನ್ಯವಾಗಿ ಉತ್ತರ ಕೊಡದೇ ಇರಬಹುದು. ಇವು ಒಳ್ಳೆಯ ಕಾನೂನುಗಳು, ಎಲ್ಲ ಕಡೆ ಬರಲಿ. ಆದರೆ ನನ್ನ ಪ್ರಕರಣದಲ್ಲಿ ಯಾರೂ ಕರೆ ಮಾಡಲಿಲ್ಲ. ಮ್ಯಾನೇಜರ್ ಮಲಗಿದ್ದರು. ಲ್ಯಾಪ್‌ಟಾಪ್ ತೆರೆದದ್ದು ನಾನೇ.

ಮೊದಲು ಮಾಡಿದ ತಪ್ಪು ಪ್ರಯತ್ನಗಳು

ನನ್ನನ್ನು ನಾನೇ ತಿದ್ದಿಕೊಳ್ಳುತ್ತೇನೆ ಅಂತ ಹೊರಟೆ. ಮೊದಲು ಲೆಕ್ಕ ಇಡೋಣ ಅಂತ ಒಂದು ಭಾನುವಾರ ಚೀಟಿ, ಪೆನ್ನು ಇಟ್ಟುಕೊಂಡೆ. ಅಲರ್ಟ್ ಗ್ರೂಪ್ ನೋಡಿದಾಗಲೆಲ್ಲ ಒಂದು ಗೆರೆ ಎಳೆದೆ. ರಾತ್ರಿ ಎಣಿಸಿದರೆ 41 ಗೆರೆ. ಆ ದಿನ ನನ್ನಿಂದ ಆಗಬೇಕಾದ ಕೆಲಸ ಒಂದೂ ಇರಲಿಲ್ಲ.

ಆಪ್ ತೆಗೆದು ಹಾಕಿದೆ. ಸಂಜೆ ಹೊತ್ತಿಗೆ ಬ್ರೌಸರ್‌ನಲ್ಲಿ ತೆರೆದು ನೋಡುತ್ತಿದ್ದೆ. ಫೋನಿನ ಪರದೆಯನ್ನು ಕಪ್ಪು-ಬಿಳುಪು ಮಾಡಿದೆ. ಅಲರ್ಟ್‌ಗೆ ಬಣ್ಣ ಬೇಕಿಲ್ಲ, ಹಾಗಾಗಿ ಉಪಯೋಗ ಆಗಲಿಲ್ಲ. ಒಂದು ವಾರಾಂತ್ಯ ಫೋನನ್ನೇ ಆಫ್ ಮಾಡಿ ಬೀರುವಿನಲ್ಲಿ ಇಟ್ಟೆ. ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಶನಿವಾರ ಮಧ್ಯಾಹ್ನದ ಹೊತ್ತಿಗೆ, ಪೇಮೆಂಟ್ ನಿಂತಿದ್ದರೆ ಯಾರು ನೋಡುತ್ತಾರೆ, ಆ ಪಾಸ್‌ವರ್ಡ್ ನನ್ನ ಹತ್ತಿರ ಮಾತ್ರ ಇದೆಯಲ್ಲ ಅಂತ ಎದೆ ಹೊಡೆದುಕೊಳ್ಳಲು ಶುರುವಾಯಿತು.

ಅಲ್ಲಿ ನನಗೆ ಒಂದು ವಿಷಯ ಅರ್ಥವಾಯಿತು. ಆ ಭಯ ಸುಳ್ಳಲ್ಲ. ಪಾಸ್‌ವರ್ಡ್ ನಿಜವಾಗಿಯೂ ನನ್ನ ಹತ್ತಿರ ಮಾತ್ರ ಇತ್ತು. ಜವಾಬ್ದಾರಿ ಇನ್ನೂ ನನ್ನ ಮೇಲೇ ಇರುವಾಗ ಫೋನ್ ಆಫ್ ಮಾಡಿದರೆ ಮನಸ್ಸು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಮನಸ್ಸಿಗೆ ಬುದ್ಧಿ ಹೇಳುವುದು ಬಿಟ್ಟು ಕೆಲಸವನ್ನೇ ಸರಿ ಮಾಡಬೇಕು ಅಂತ ಆಮೇಲೆ ನಿರ್ಧರಿಸಿದೆ.

ಇಲ್ಲದಿರುವ ತಾಲೀಮು

ನೆಟ್‌ಫ್ಲಿಕ್ಸ್‌ನ ಎಂಜಿನಿಯರ್‌ಗಳು 2010ರ ದಶಕದ ಶುರುವಿನಲ್ಲಿ ಕೇಯಾಸ್ ಮಂಕಿ ಅನ್ನುವ ಒಂದು ಪ್ರೋಗ್ರಾಂ ಮಾಡಿದರು. ಅದು ಕೆಲಸದ ಹೊತ್ತಿನಲ್ಲೇ, ನಡೆಯುತ್ತಿರುವ ಸರ್ವರ್‌ಗಳಲ್ಲಿ ಯಾವುದಾದರೂ ಒಂದನ್ನು ಬೇಕಂತಲೇ ಆಫ್ ಮಾಡುತ್ತದೆ. ಎಂದೋ ಒಂದು ರಾತ್ರಿ ಸರ್ವರ್ ತಾನಾಗಿ ಬೀಳುವ ಬದಲು, ಎಲ್ಲರೂ ಎಚ್ಚರ ಇರುವಾಗ ಬೀಳಲಿ, ಎಲ್ಲಿ ಸೋರುತ್ತದೆ ಅಂತ ಗೊತ್ತಾಗಲಿ ಅನ್ನುವುದು ಅದರ ಲೆಕ್ಕ.

ಅದನ್ನೇ ನನ್ನ ಮೇಲೆ ಪ್ರಯೋಗ ಮಾಡಿದೆವು. ಒಂದು ಮಂಗಳವಾರ ನಾನು ಆಫೀಸಿನಲ್ಲೇ ಇದ್ದೆ, ಆದರೆ "ಇಲ್ಲ". ಪಕ್ಕದ ಕೋಣೆಯಲ್ಲಿ ಕೂತು ಹಳೆಯ ಟೆಸ್ಟ್‌ಗಳನ್ನು ಚೊಕ್ಕ ಮಾಡುತ್ತಿದ್ದೆ. ಯಾರಿಗಾದರೂ ನನ್ನನ್ನು ಕೇಳಲೇಬೇಕು ಅನ್ನಿಸಿದರೆ ಕೇಳುವ ಹಾಗಿಲ್ಲ. ಒಂದು ಹಾಳೆಯಲ್ಲಿ ಬರೆಯಬೇಕು, ಆಮೇಲೆ ಬೇರೆ ದಾರಿ ಹುಡುಕಬೇಕು.

ಸಂಜೆ ಹಾಳೆಯಲ್ಲಿ ಆರು ಸಾಲು ಇದ್ದವು. ಒಂದು, ಪೇಮೆಂಟ್ ಪಾಸ್‌ವರ್ಡ್ ಎಲ್ಲಿದೆ. ಇನ್ನೊಂದು, ಇಮೇಲ್ ಸರತಿ ನಿಂತರೆ ಮತ್ತೆ ಶುರು ಮಾಡುವುದು ಹೇಗೆ. ಮತ್ತೊಂದನ್ನು ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ: "ಇದನ್ನು ನಾನು ಬದಲಾಯಿಸಿದರೆ ಅವರಿಗೆ ಬೇಜಾರಾಗುತ್ತಾ?" ಅದಕ್ಕೆ ಯಾವ ಟಿಪ್ಪಣಿಯಲ್ಲೂ ಉತ್ತರ ಬರೆಯಲು ಆಗುವುದಿಲ್ಲ. ಎದುರಿಗೆ ಕೂತು ಹೇಳಬೇಕು. ಹೇಳಿದೆ, "ಆಗಲ್ಲ. ಕೆಟ್ಟರೆ ಸರಿ ಮಾಡೋಣ."

ಒಂದೊಂದು ಸಾಲನ್ನೂ ತೆಗೆದುಕೊಂಡು ಕೆಲಸ ಮಾಡಿದೆವು. ಪಾಸ್‌ವರ್ಡ್ ತಂಡದ ತಿಜೋರಿಗೆ ಹೋಯಿತು. ಇಮೇಲ್ ಸರತಿಗೆ ಒಂದು ಪುಟದ ಟಿಪ್ಪಣಿ ಬಂತು. ಮೂರು ವಾರ ಬಿಟ್ಟು ಇನ್ನೊಂದು ತಾಲೀಮು, ಮೂರು ಸಾಲು. ಮತ್ತೊಂದು ತಾಲೀಮು, ಒಂದೇ ಸಾಲು.

ರೋಲ್‌ಬ್ಯಾಕ್‌ಗೂ ತಾಲೀಮು ಇಟ್ಟೆವು. ತಿಂಗಳಿಗೊಮ್ಮೆ, ಹಗಲಿನಲ್ಲಿ, ತೊಂದರೆ ಏನೂ ಇಲ್ಲದಿದ್ದರೂ ಒಬ್ಬರು ಪ್ರೊಡಕ್ಷನ್ ಅನ್ನು ಹಿಂದಿನ ಆವೃತ್ತಿಗೆ ತಂದು ಮತ್ತೆ ಮುಂದಕ್ಕೆ ಒಯ್ಯುತ್ತಾರೆ. ಶುಕ್ರವಾರ ಡಿಪ್ಲಾಯ್ ಬೇಡ ಅನ್ನುವ ನಿಯಮ ತುಂಬಾ ಕಡೆ ಇದೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಹಿಂದಕ್ಕೆ ಹೋಗುವ ಬಟನ್ ಅನ್ನು ನಾಲ್ಕೂ ಜನ ಹೆದರದೇ ಒತ್ತುವ ಹಾಗಿದ್ದರೆ ಶುಕ್ರವಾರಕ್ಕೂ ಮಂಗಳವಾರಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ.

ಅಲರ್ಟ್‌ಗಳನ್ನು ಕತ್ತರಿಸಿದೆವು. ಒಂದು ವಾರದಲ್ಲಿ ಬಂದ 63 ಅಲರ್ಟ್ ಎದುರಿಗೆ ಹಾಕಿಕೊಂಡು, ಯಾವುದಕ್ಕೆ ಮನುಷ್ಯ ಏನಾದರೂ ಮಾಡಬೇಕಾಯಿತು ಅಂತ ಗುರುತು ಹಾಕಿದೆವು. ನಾಲ್ಕು. ಉಳಿದವೆಲ್ಲ ಈಗ ಬೆಳಗ್ಗೆ ಒಂದು ಪಟ್ಟಿಯಾಗಿ ಬರುತ್ತವೆ, ಯಾರ ಫೋನನ್ನೂ ನಡುಗಿಸುವುದಿಲ್ಲ. ರಜೆಯಲ್ಲಿರುವವರ ಹೆಸರು ಅಲರ್ಟ್ ಪಟ್ಟಿಯಿಂದ ತಾನಾಗಿ ಹೊರಗೆ ಹೋಗುತ್ತದೆ.

ಆರು ಅಕ್ಷರದ ಕಥೆಗೂ ಕೊನೆ ಕೊಟ್ಟೆವು. ಅವನ್ನು ವಾಪಸ್ ಹಾಕಿ ಪಕ್ಕದಲ್ಲಿ ಎರಡು ಸಾಲು ಕಾಮೆಂಟ್ ಬರೆದೆ. ಟೆಸ್ಟ್‌ಗಳು ಈಗ ಮೂರು ಟೈಮ್‌ಜೋನ್‌ನಲ್ಲಿ ಓಡುತ್ತವೆ: ಹಿಂದಿರುವುದು ಒಂದು, ಯುಟಿಸಿ ಒಂದು, ಮುಂದಿರುವುದು ಒಂದು. ಜಾವಾಸ್ಕ್ರಿಪ್ಟ್‌ಗೆ ಟೆಂಪೊರಲ್ ಅನ್ನುವ ಹೊಸ ವ್ಯವಸ್ಥೆ ಬರುತ್ತಿದೆ. ಅದರಲ್ಲಿ ಸಮಯದ ಗೊಡವೆ ಇಲ್ಲದ ಬರೀ ತಾರೀಖಿಗೆ ಬೇರೆಯದೇ ಒಂದು ಬಗೆ ಇದೆ. ಫೈರ್‌ಫಾಕ್ಸ್‌ಗೆ ಅದು 2025ರಲ್ಲಿ ಬಂತು. ಅದು ಎಲ್ಲ ಬ್ರೌಸರ್‌ಗೂ ಬಂದ ದಿನ ಆ ಬಾಲವನ್ನು ಹಗಲು ಹೊತ್ತಿನಲ್ಲೇ ಅಳಿಸುತ್ತೇವೆ.

ದಿನದ ಕೆಲಸ

ರಜೆಗೆ ಮಾಡಿದ ಈ ತಯಾರಿ ದಿನದ ಕೆಲಸಕ್ಕೂ ಇಳಿಯಿತು. ಮೊದಲು ನಾನು ಕೋಡ್ ಬರೆಯುವುದನ್ನು ನಿಲ್ಲಿಸುತ್ತಿದ್ದದ್ದು ಸುಸ್ತಾದಾಗ. ಈಗ ಕೊನೆಯ ಹತ್ತು ನಿಮಿಷ ಬಿಟ್ಟುಕೊಳ್ಳುತ್ತೇನೆ. ಎಲ್ಲಿದ್ದೇನೆ, ಮುಂದಿನ ಹೆಜ್ಜೆ ಯಾವುದು, ಎಲ್ಲಿ ಅನುಮಾನ ಇದೆ ಅಂತ ಮೂರು ನಾಲ್ಕು ಸಾಲು ಬರೆಯುತ್ತೇನೆ. ಸಾಧ್ಯವಾದರೆ ಫೇಲ್ ಆಗುತ್ತಿರುವ ಒಂದು ಟೆಸ್ಟ್ ಬಿಟ್ಟು ಹೋಗುತ್ತೇನೆ. ಬೆಳಗ್ಗೆ ಬಂದಾಗ ಅದೇ ಹಾದಿ ತೋರಿಸುತ್ತದೆ.

ಇದಕ್ಕೆ ಆಧಾರವೂ ಇದೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮೊದಲನೆಯದರ ಎಳೆ ತಲೆಯಲ್ಲೇ ಸಿಕ್ಕಿಕೊಂಡಿರುತ್ತದೆ ಅಂತ ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಎಲ್ಲಿಗೆ ಬಿಟ್ಟೆ, ಮುಂದೇನು ಅಂತ ಚುಟುಕಾಗಿ ಬರೆದಿಟ್ಟರೆ ಆ ಎಳೆ ಸಡಿಲವಾಗುತ್ತದೆ ಅಂತ 2018ರಲ್ಲಿ ಅವರೇ ತೆರೇಸಾ ಗ್ಲಾಂಬ್ ಜೊತೆ ಸೇರಿ ತೋರಿಸಿದರು. ನನಗೆ ಅನುಭವಕ್ಕೆ ಬಂದದ್ದು ಹೇಗೆಂದರೆ, ಸ್ನಾನ ಮಾಡುವಾಗ ತಲೆಯಲ್ಲಿ ಕೋಡ್ ಓಡುವುದು ಕಡಿಮೆಯಾಯಿತು. ಮರೆತುಹೋಗುತ್ತದೆ ಅನ್ನುವ ಭಯಕ್ಕೇ ತಲೆ ಅದನ್ನು ಸುತ್ತಿಸುತ್ತಿತ್ತು ಅನ್ನಿಸುತ್ತದೆ. ಈಗ ಅದು ಹಾಳೆಯ ಮೇಲಿದೆ.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಆ ಮೂರು ನಾಲ್ಕು ಸಾಲನ್ನು ತಂಡದವರೂ ಓದಬಹುದು. ಒಂದು ದಿನ ನನಗೆ ಜ್ವರ ಬಂದಾಗ ಸಹೋದ್ಯೋಗಿಯೊಬ್ಬರು ಅದನ್ನೇ ಓದಿ ಕೆಲಸ ಮುಗಿಸಿದ್ದರು.

ಎರಡನೇ ರಜೆ

ಏಳು ತಿಂಗಳಾದ ಮೇಲೆ ಏಳು ದಿನ ರಜೆ ಹಾಕಿದೆ. ಮತ್ತೆ ಅಕ್ಕನ ಮನೆ. ಲ್ಯಾಪ್‌ಟಾಪ್ ಆಫೀಸಿನ ಡ್ರಾಯರ್‌ನಲ್ಲಿ. ತುರ್ತಿಗೆ ಅಂತ ಅಕ್ಕನ ಫೋನ್ ನಂಬರ್ ಮ್ಯಾನೇಜರ್‌ಗೆ ಕೊಟ್ಟಿದ್ದೆ. ಗಿರಾಕಿಗಳ ಡೇಟಾ ಅಳಿಸಿಹೋಗುತ್ತಿದ್ದು, ಬ್ಯಾಕಪ್ಪೂ ಕೆಲಸ ಮಾಡದಿದ್ದರೆ ಮಾತ್ರ ಕರೆಯಬೇಕು ಅಂತ ಮಾತಾಗಿತ್ತು.

ಮೊದಲ ಎರಡು ದಿನ ಕೈ ಜೇಬಿಗೆ ಹೋಗುತ್ತಿತ್ತು. ಫೋನ್ ತೆಗೆಯುತ್ತಿದ್ದೆ, ನೋಡಲು ಏನೂ ಇಲ್ಲ, ಮತ್ತೆ ಇಡುತ್ತಿದ್ದೆ. ಮೂರನೇ ದಿನ ಅಕ್ಕನ ಮಗಳ ಸೈಕಲ್ ಚೈನ್ ಕಳಚಿತು. ಇಬ್ಬರೂ ನೆಲದ ಮೇಲೆ ಕೂತು ಸರಿ ಮಾಡಿದೆವು. ಹಿಂದಿನ ಚಕ್ರದ ಹಲ್ಲಿಗೆ ಚೈನ್ ಕೂರಿಸಿ, ಪೆಡಲ್ ನಿಧಾನಕ್ಕೆ ತಿರುಗಿಸುವುದನ್ನು ಅವಳಿಗೆ ತೋರಿಸಿದೆ. ಎರಡು ಸಲ ಜಾರಿತು. ನಾನು ಕೈ ಹಾಕಲು ಹೋದೆ. "ಮಾಮ, ತಡಿ, ನಾನೇ ಮಾಡ್ತೀನಿ" ಅಂದಳು. ಕೈ ಹಿಂದಕ್ಕೆ ತೆಗೆದುಕೊಂಡೆ. ಮೂರನೇ ಸಲಕ್ಕೆ ಕೂತಿತು. ಅವಳ ಹತ್ತೂ ಬೆರಳು ಗ್ರೀಸ್‌ನಿಂದ ಕಪ್ಪಾಗಿದ್ದವು.

ರಜೆಯಲ್ಲಿ ಕೆಲಸದ ಬಗ್ಗೆ ಹೊಸ ಐಡಿಯಾ ಏನೂ ಹೊಳೆಯಲಿಲ್ಲ. ಬಿಡುವು ತೆಗೆದುಕೊಂಡರೆ ಒಳ್ಳೆಯ ಕೋಡ್ ಬರುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಇರಬಹುದು. ನನಗೆ ಆ ಏಳು ದಿನದಿಂದ ಅದು ಬೇಕಿರಲಿಲ್ಲ.

ವಾಪಸ್ ಬಂದು ಲಾಗ್ ನೋಡಿದೆ. ಎರಡು ಘಟನೆ ಆಗಿದ್ದವು. ಒಂದರಲ್ಲಿ ಹಾಲ್‌ಗಳ ಫೋಟೊ ಮೂರು ಗಂಟೆ ಕಾಣಿಸಿರಲಿಲ್ಲ. ಆನ್-ಕಾಲ್ ಇದ್ದವರು ಮೊದಲು ಬೇರೆ ಕಡೆ ಹುಡುಕಿದ್ದರು, ಆಮೇಲೆ ಕಾರಣ ಸಿಕ್ಕಿತ್ತು. ನಾನಿದ್ದಿದ್ದರೆ ಹತ್ತು ನಿಮಿಷದಲ್ಲಿ ಆಗುತ್ತಿತ್ತು. ಈ ಮಾತು ಮುಚ್ಚಿಡುವುದಿಲ್ಲ, ಯಾಕೆಂದರೆ ಕಳಚಿಕೊಳ್ಳುವುದಕ್ಕೆ ಇಂಥ ಬೆಲೆ ಇದೆ. ಮೂರು ಗಂಟೆ ಫೋಟೊ ಇಲ್ಲದಿರುವುದು ಕೊಡಬಹುದಾದ ಬೆಲೆ ಅಂತ ನಾವು ನಾಲ್ಕೂ ಜನ ಒಪ್ಪಿದೆವು. ಈಗ ಆ ಭಾಗ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ಘಟನೆ ರಾತ್ರಿ 2:05ರದ್ದು. ಸಂಜೆಯ ಡಿಪ್ಲಾಯ್‌ನಿಂದ ಬುಕಿಂಗ್ ಪುಟ ಕೆಟ್ಟಿತ್ತು. ಆನ್-ಕಾಲ್ ಆಕೆಯೇ. ಲಾಗ್‌ನಲ್ಲಿ ಆಕೆ ಬರೆದಿದ್ದಳು: "2:11, ರೋಲ್‌ಬ್ಯಾಕ್ ಆಯ್ತು. ಪುಟ ಸರಿ ಇದೆ. ಕಾರಣ ಬೆಳಗ್ಗೆ ಹುಡುಕ್ತೀನಿ. ಮಲಗ್ತಿದ್ದೀನಿ."

ಹಣ ವಾಪಸ್ ಕೊಡುವ ಕೋಡ್ ಮಾತ್ರ ಇನ್ನೂ ನನ್ನ ತಲೆಯಲ್ಲೇ ಇದೆ. ಅದರ ಟಿಪ್ಪಣಿ ಎರಡು ಪುಟ ಆಗಿದೆ, ಅರ್ಧ ಬುಕಿಂಗ್ ರದ್ದಾದಾಗ ಏನಾಗುತ್ತದೆ ಅನ್ನುವ ಭಾಗ ಬರೆಯುವುದು ಬಾಕಿ. ಗುರುವಾರ ಬೆಳಗ್ಗೆ ಆಕೆ ಜೊತೆಗೆ ಕೂರುತ್ತಾಳೆ. ಕೀಬೋರ್ಡ್ ಆಕೆಯ ಕಡೆ ಇರುತ್ತದೆ.